ತಗಡಿನ ತೊಟ್ಟಿಯ ನೌಕಾಪಡೆ

ಸೂರತ್ತಿನಲ್ಲಿ ತಮ್ಮನ ಮಗಳ ಮನೆಗೆ ಹೋದಾಗ ನಡೆದದ್ದು. ಚೌತಿ ಹತ್ತಿರ ಬಂದಿತ್ತು. ಸಂಜೆ ಹಾಲು ತರಲು ಕೆಳಗಿಳಿದರೆ ಗಲ್ಲಿಯ ತಿರುವಿನಲ್ಲಿ ಗಣಪತಿಯ ಪೆಂಡಾಲು ಏಳುತ್ತಿತ್ತು. ಅದರ ಹಿಂದೆ ಯಾರೋ ಮೈದಾ ಅಂಟು ಕುದಿಸುತ್ತಿದ್ದರು. ಹುಳ ಬೀಳದಿರಲೆಂದು ಅದಕ್ಕೆ ಮೈಲುತುತ್ತ ಹಾಕುತ್ತಾರಲ್ಲ, ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮುಖ ಬಿಸಿಯಾಯಿತು. ಹಾಲಿನ ಪಾತ್ರೆ ಹಿಡಿದುಕೊಂಡು ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಮುದುಕಿಗೆ ತಲೆ ಸುತ್ತಿತೇನೋ ಎಂದು ಅಂಗಡಿಯವ ನೀರು ತಂದುಕೊಟ್ಟ. ತಲೆ ಸುತ್ತಿರಲಿಲ್ಲ. ನಾಚಿಕೆಯಾಗಿತ್ತು, ಅಷ್ಟೆ. ಅರವತ್ತೈದನೇ ಇಸವಿಯಲ್ಲಿ ಬರೋಡೆಯಲ್ಲಿ ಆದ ನಾಚಿಕೆ ಇನ್ನೂ ಮೈಯಲ್ಲಿ ಉಳಿದಿದೆ ಎಂದು ಆಗಲೇ ಗೊತ್ತಾದದ್ದು.

ನಾವು ಗಂಗೊಳ್ಳಿಯವರು. ಇವರು ನೌಕಾಪಡೆಯಲ್ಲಿ ಪೆಟ್ಟಿ ಆಫೀಸರ್. ಮದುವೆಯಾದ ಮೇಲೆ ಮುಂಬಯಿಯಲ್ಲಿ ಮನೆ ಮಾಡಿ, ಇವರು ಸಮುದ್ರದ ಮೇಲೆ, ನಾನು ಕಿಟಕಿಯ ಹತ್ತಿರ, ಹೀಗೆಯೇ ಸಂಸಾರ ನಡೆದಿತ್ತು. ಇದ್ದಕ್ಕಿದ್ದಂತೆ ಬರೋಡೆಗೆ ವರ್ಗವಾಯಿತು. ಕಾಲೇಜು ಹುಡುಗರಿಗೆ ನೌಕಾ ತರಬೇತಿ ಕೊಡುವ ಕೆಲಸ. ಸಮುದ್ರದ ಗಾಳಿಯೂ ಬೀಸದ ಊರಿಗೆ ಬಿಳಿ ಸಮವಸ್ತ್ರದ ಮನುಷ್ಯ! ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಟೋಪಿ ಹಾಕಿಕೊಂಡು ಸೈಕಲ್ಲಿನಲ್ಲಿ ಹೊರಟರೆ ನಮ್ಮ ಬಡಾವಣೆ ಫತೇಗಂಜ್‌ನ ಮಕ್ಕಳೆಲ್ಲ ಹಿಂದೆ ಓಡುತ್ತಿದ್ದವು. ದೊಡ್ಡವರು ನಿಲ್ಲಿಸಿ, ಬ್ಯಾಂಡಿನವರಾ, ಯಾರ ಮನೆಯ ಮದುವೆ ಎಂದು ಕೇಳುತ್ತಿದ್ದರು. ಊರ ನಡುವಿನ ಕೆರೆಯಲ್ಲಿ ಹುಡುಗರಿಂದ ದೋಣಿ ಹುಟ್ಟು ಹಾಕಿಸಿ ಮನೆಗೆ ಬಂದವರು ಊಟಕ್ಕೆ ಕೂತು, ‘ಎಮ್ಮೆ ಅಡ್ಡ ಬಂತು ಮಾರಾಯ್ತಿ, ಕವಾಯತು ನಿಲ್ಸಿದೆ’ ಅನ್ನುತ್ತಿದ್ದರು. ನಾನು ನಕ್ಕೂ ನಕ್ಕೂ ಸುಸ್ತಾಗುತ್ತಿದ್ದೆ.

ಇವರು ನಗುತ್ತಿರಲಿಲ್ಲ. ಇವರಿಗೆ ನೌಕಾಪಡೆ ಎಂದರೆ ದೇವರು. ಮರುದಿನದ ಪಾಠವನ್ನು ಅಡುಗೆಮನೆಯ ನೆಲದ ಮೇಲೆ ನನಗೇ ಮೊದಲು ಮಾಡುತ್ತಿದ್ದರು. ದೊಡ್ಡ ತಪ್ಪಲೆ ನಡುವೆ ಇಟ್ಟರೆ ಅದು ವಿಮಾನ ಹೊರುವ ಹಡಗು. ಸುತ್ತ ಲೋಟಗಳು, ಅವು ಕಾವಲಿನ ಹಡಗುಗಳು. ಎಣ್ಣೆಯ ಡಬ್ಬ ಎಲ್ಲರಿಗಿಂತ ಹಿಂದೆ, ಅದು ನಿಜವಾಗಿಯೂ ಎಣ್ಣೆ ಕೊಡುವ ಹಡಗು. ದೇಶ ಒಡೆದಾಗ ಅಣ್ಣತಮ್ಮಂದಿರು ಪಾತ್ರೆಪಗಡಿ ಹಂಚಿಕೊಂಡ ಹಾಗೆ ಹಡಗುಗಳನ್ನೂ ಹಂಚಿಕೊಂಡರಂತೆ. ಆಮೇಲೆ ಇಂಗ್ಲಿಷರು ಬಳಸಿ ಬಿಟ್ಟ ಹಡಗುಗಳನ್ನು ಕೊಂಡು, ನಮ್ಮ ಊರುಗಳ, ನದಿಗಳ ಹೆಸರಿಟ್ಟು, ಒಂದೊಂದಾಗಿ ಪಡೆ ಕಟ್ಟಿದರಂತೆ. ಎರಡು ಲೋಟಗಳನ್ನು ಮಾತ್ರ ಗುಂಪಿನಿಂದ ಬಿಡಿಸಿ ಬಾಗಿಲ ಹೊಸ್ತಿಲವರೆಗೆ ತಳ್ಳುತ್ತಿದ್ದರು. ಅವು ಮುಂಚೂಣಿ. ಮನೆಯಲ್ಲಿ ಕೂತು ಕಳ್ಳನನ್ನು ಕಾಯುವುದಲ್ಲ, ಕಳ್ಳನ ಬೀದಿಯ ಬಾಯಿಯಲ್ಲೇ ಹೋಗಿ ನಿಲ್ಲುವುದು. ಅಮೆರಿಕದವರ ಒಂದು ಪಡೆ ತನ್ನ ದೇಶ ಬಿಟ್ಟು ಜಪಾನಿನ ಬಂದರಿನಲ್ಲೇ ಬಿಡಾರ ಹೂಡಿದೆ, ಅದರ ನಾವಿಕರ ಹೆಂಡಂದಿರು ಅಲ್ಲೇ ಸಂಸಾರ ಮಾಡುತ್ತಾರೆ ಎಂದು ಹೇಳುವಾಗ ಇವರ ದನಿಯಲ್ಲಿ ಆಸೆ ಇರುತ್ತಿತ್ತು. ಸಾರು ಬಿಸಿ ಮಾಡಬೇಕು, ತಪ್ಪಲೆ ಕೊಡಿ ಎಂದರೆ ನನ್ನ ಮೇಲೆ ಮುನಿಸು.

ನಾವಿದ್ದದ್ದು ಒಬ್ಬ ಗುಜರಾತಿ ವಿಧವೆಯ ಮನೆಯ ಮಹಡಿಯಲ್ಲಿ. ಊರೆಲ್ಲ ಅವರನ್ನು ಬಾ ಎಂದೇ ಕರೆಯುತ್ತಿತ್ತು, ನಾವೂ ಹಾಗೇ ಕರೆದೆವು. ಬಾ ಎಂದರೆ ಅಮ್ಮ. ಮೀನಿನ ಊರಿನವರೆಂದು ಗೊತ್ತಿದ್ದೂ ಮನೆ ಕೊಟ್ಟರು. ಒಳಗೆ ಬೇಯಿಸಬೇಡಿ, ಇಷ್ಟೇ ಷರತ್ತು. ಅವರ ಮಗ ರಸಿಕಭಾಯಿ ಅಹಮದಾಬಾದಿನಲ್ಲಿ ರೈಲ್ವೆ ಗಾರ್ಡ್. ಬಾ ಅವರ ಅಕ್ಕ ದ್ವಾರಕೆಯಲ್ಲಿದ್ದರು. ಮಕ್ಕಳಿಲ್ಲದ ಒಂಟಿ ಮುದುಕಿ, ಸಮುದ್ರದ ಕಡೆಗೆ ಮುಖ ಮಾಡಿದ ಹಳೆಯ ಮನೆ, ದಿನಕ್ಕೆರಡು ಸಲ ದೇವರ ದರ್ಶನ. ರಸಿಕಭಾಯಿಗೆ ಮಾಸಿ, ಅಂದರೆ ದೊಡ್ಡಮ್ಮ, ಹಾಗಾಗಿ ನಮಗೂ ಮಾಸಿ. ಬಾ ಮಾತು ಶುರು ಮಾಡಿದರೆ ಎಲ್ಲಿ ಸುತ್ತಿದರೂ ಕೊನೆಗೆ ಮಾಸಿಯ ಹತ್ತಿರವೇ ಬಂದು ನಿಲ್ಲುತ್ತಿತ್ತು.

ಆ ವರ್ಷ ಮಳೆ ಕೈಕೊಟ್ಟಿತು. ಶ್ರಾವಣದಲ್ಲೂ ಸೆಕೆ ಇಳಿಯಲಿಲ್ಲ. ಬೇಸಿಗೆಯಲ್ಲೇ ಕಚ್ಛದ ಕಡೆ ಗುಂಡಿನ ಚಕಮಕಿಯಾಗಿ ತಣ್ಣಗಾಗಿತ್ತು, ಈಗ ಕಾಶ್ಮೀರದ ಸುದ್ದಿ. ಎಲ್ಲರ ಬಾಯಲ್ಲೂ ಯುದ್ಧ. ಅಂಥ ಹೊತ್ತಿನಲ್ಲಿ ಚೌತಿ ಬಂತು.

ಬರೋಡೆಯಲ್ಲಿ ಮರಾಠಿಗರು ಬಹಳ. ಗಣಪತಿ ಕೂರಿಸಿದರೆ ಸಾಲದು, ಅದರ ಮುಂದೆ ಒಂದು ದೇಖಾವೆ ಬೇಕು, ಅಂದರೆ ಗೊಂಬೆಗಳಿಂದ ಕಟ್ಟಿದ ದೃಶ್ಯ. ಬೀದಿ ಬೀದಿಗೂ ಪೈಪೋಟಿ. ನಮ್ಮ ಕನ್ನಡದವರ ಗಣಪತಿಯನ್ನು ಫತೇಗಂಜ್‌ನಲ್ಲಿ ಐತಾಳರ ಹೋಟೆಲಿನ ಹಿಂದಿನ ಶೆಡ್ಡಿನಲ್ಲಿ ಕೂರಿಸುತ್ತಿದ್ದರು. ಐತಾಳರು ಕೋಟದವರು, ದೋಸೆಯ ಹಿಟ್ಟಿಗಿಂತ ಬೇಗ ಉಬ್ಬುವ ಮನುಷ್ಯ. ಈ ಸಲ ಮರಾಠಿಯವರ ಬಾಯಿ ಮುಚ್ಚಿಸಬೇಕು, ನೌಕಾಪಡೆಯ ದೇಖಾವೆ ಮಾಡಿ ಎಂದು ಇವರನ್ನು ಹಿಡಿದುಕೊಂಡರು.

ಇವರಿಗೆ ಅಷ್ಟೇ ಬೇಕಾಗಿತ್ತು. ಮೂರು ವಾರ ಮನೆಯೆಲ್ಲ ಮೈದಾ ಅಂಟಿನ ವಾಸನೆ. ಅಗಲವಾದ ತಗಡಿನ ತೊಟ್ಟಿ ಮಾಡಿಸಿ ನೀರು ತುಂಬಿಸಿದರು. ಒಂದು ಅಂಚಿಗೆ ಮಣ್ಣು ಮೆತ್ತಿ ಮುಂಬಯಿಯಿಂದ ಕಚ್ಛದವರೆಗೆ ದಂಡೆ ಮಾಡಿದರು. ಹಡಗುಗಳನ್ನು ಹಗುರ ಮರದಲ್ಲಿ ಕೆತ್ತಿ, ರಟ್ಟಿನ ಫಿರಂಗಿ ಅಂಟಿಸಿ, ಅಹಮದಾಬಾದಿನಿಂದ ರಸಿಕಭಾಯಿಯ ಕೈಲಿ ತರಿಸಿದ ಬೂದು ಬಣ್ಣ ಬಳಿದರು. ಐತಾಳರ ಸಲಹೆಗಳಿಗೆ ಕೊನೆಯಿರಲಿಲ್ಲ. ಗಣಪತಿಗೆ ಅಡ್ಮಿರಲ್ ಟೋಪಿ ಹಾಕುವ ಎಂದರು, ಇವರು ಒಪ್ಪಲಿಲ್ಲ. ನಮ್ಮ ರಾಜ್ಯದ ಹೆಸರಿನ ಹಡಗು ಎಲ್ಲಕ್ಕಿಂತ ಮುಂದಿರಲಿ ಎಂದರು, ಅದಕ್ಕೂ ಇಲ್ಲ. ಒಂದು ಸಬ್‌ಮೆರೀನ್ ಬಿಡುವ, ನೀರೊಳಗಿಂದ ಬುಳಕ್ಕನೆ ಏಳುವ ಹಾಗೆ, ಎಂದಾಗ ಇವರಿಗೆ ರೇಗಿತು. ನಮ್ಮಲ್ಲಿ ಸಬ್‌ಮೆರೀನೇ ಇಲ್ಲ, ಇಲ್ಲದ್ದನ್ನು ತೋರಿಸುವುದಿಲ್ಲ ಎಂದುಬಿಟ್ಟರು. ಒಂದು ಹಡಗಿಗೂ ಇನ್ನೊಂದಕ್ಕೂ ಇರಬೇಕಾದ ಅಂತರವನ್ನು ಬೆರಳಿಟ್ಟು ಅಳೆದು ನಿಲ್ಲಿಸಿದರು. ಗೊಂಬೆ ಹಡಗಾದರೂ ಸುಳ್ಳು ನಿಲ್ಲಬಾರದು.

ಜನ ಬಂದರು ನೋಡಿ! ಹೋಟೆಲಿನ ಬಾಗಿಲಿನಿಂದ ರಸ್ತೆಯ ಆಚೆಯವರೆಗೆ ಸಾಲು. ಇವರು ಬಿಳಿ ಸಮವಸ್ತ್ರದಲ್ಲಿ ಕೋಲು ಹಿಡಿದು ನಿಂತು, ಯಾವುದು ಯಾರ ಕಾವಲು, ಮುಂಚೂಣಿ ಅಂದರೇನು ಎಂದು ಹರಕು ಗುಜರಾತಿಯಲ್ಲಿ ಹೇಳುತ್ತಿದ್ದರು. ಬ್ಯಾಂಡಿನವರು ಎಂದವರೇ ಈಗ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದರು. ನಾನು ಮೂಲೆಯಲ್ಲಿ ಪ್ರಸಾದ ಹಂಚುತ್ತಾ, ಅವರು ನನ್ನ ಗಂಡ ಎಂದು ಕೇಳದವರಿಗೂ ಹೇಳಿದೆ. ಸುಳ್ಳು ಯಾಕೆ, ಜಂಬ ಬಂದಿತ್ತು.

ಮೂರನೆಯ ದಿನ ಬಾ ಬಂದರು. ದಂಡೆಯ ಉದ್ದಕ್ಕೂ ಕಣ್ಣು ಹಾಯಿಸಿ ದ್ವಾರಕೆಯ ಪುಟ್ಟ ಮಣ್ಣಿನ ಗುಡಿ ಹುಡುಕಿಕೊಂಡರು. ಅದರ ಎದುರಿಗೆ ಬರಿಯ ನೀರು. ನನ್ನ ಅಕ್ಕನ ಮನೆ ಇಲ್ಲೇ, ಗುಡಿಯ ಪಕ್ಕದ ಗಲ್ಲಿ, ಅವಳ ಎದುರಿಗೆ ಯಾರೂ ಇಲ್ಲವಾ ಎಂದು ಮಗುವಿನ ಹಾಗೆ ಕೇಳಿದರು. ಐತಾಳರಿಗೆ ಒಂದು ಅಂಗುಲ ಬಿಟ್ಟುಕೊಡದ ಮನುಷ್ಯ ಏನು ಮಾಡಿದರು ಗೊತ್ತೇ? ಅಂಗಿಯ ತೋಳು ಮಡಚಿ, ತೊಟ್ಟಿಗೆ ಕೈಹಾಕಿ, ಮುಂಚೂಣಿಯ ಎರಡು ಹಡಗುಗಳನ್ನು ಎತ್ತಿ ತಂದು ಆ ಗುಡಿಯ ಎದುರಿಗೆ ನಿಲ್ಲಿಸಿದರು. ‘ಈಗ ಇದ್ದಾರೆ, ಬಾ’ ಅಂದರು. ಬಾ ಬಹಳ ಹೊತ್ತು ಅಲ್ಲೇ ನಿಂತಿದ್ದರು. ಮನೆಗೆ ಬರುವಾಗ ನಾನು ಕೆಣಕಿದೆ, ಸಬ್‌ಮೆರೀನ್ ಇಲ್ಲ, ಇದು ಉಂಟೋ ಎಂದು. ಇವರು ಮುದುಕಿಯ ಸಮಾಧಾನಕ್ಕೆ ಎಂದರು. ಅಷ್ಟಕ್ಕೇ ಆ ಮಾತು ಮುಗಿಯಿತು.

ಗಣಪತಿ ಶೆಡ್ಡಿನಲ್ಲಿರುವಾಗಲೇ ನಿಜವಾದ ಯುದ್ಧ ಶುರುವಾಯಿತು. ರಾತ್ರಿ ದೀಪ ಉರಿಸುವಂತಿಲ್ಲ, ಕಿಟಕಿಗಳಿಗೆ ಕಪ್ಪು ಕಾಗದ. ಇವರು ಹಡಗಿಗೆ ಕರೆಸಿಕೊಳ್ಳಿ ಎಂದು ಮುಂಬಯಿಗೆ ತಂತಿ ಕೊಟ್ಟರು. ಇದ್ದಲ್ಲೇ ಇರಿ ಎಂದು ಉತ್ತರ ಬಂತು. ಅಂದು ಇವರು ಊಟ ಮಾಡಲಿಲ್ಲ.

ಅದಾಗಿ ಸ್ವಲ್ಪವೇ ದಿನ. ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದಾಗ ಬೀದಿಯಲ್ಲಿ ಗದ್ದಲ. ಶತ್ರುವಿನ ಹಡಗುಗಳು ರಾತ್ರಿ ದ್ವಾರಕೆಯ ಮುಂದೆ ಬಂದು ನಿಂತು ಫಿರಂಗಿ ಹಾರಿಸಿ ಹೋಗಿದ್ದವು. ಊರೇ ನೆಲಸಮವಾಯಿತು ಎಂದು ಕರಾಚಿ ರೇಡಿಯೋ ಕುಣಿಯುತ್ತಿತ್ತು. ನಮ್ಮ ರೇಡಿಯೋ ಹೆಚ್ಚೇನೂ ಹೇಳಲಿಲ್ಲ. ಇವರು ಸಮವಸ್ತ್ರ ಹಾಕಿಕೊಂಡು ಐತಾಳರ ಹೋಟೆಲಿಗೆ ಹೋದರು. ಇವರು ಒಳಗೆ ಕಾಲಿಟ್ಟ ಕೂಡಲೇ ಮಾತೆಲ್ಲ ನಿಂತಿತಂತೆ. ಯಾರೂ ಬೈಯಲಿಲ್ಲ. ಐತಾಳರು ಮಾತ್ರ ಗಲ್ಲಾ ಬಿಟ್ಟು ಎದ್ದು ಬಂದು, ‘ಹ್ವಾಯ್, ನಮ್ಮ ಹಡ್ಗೆಲ್ಲ ಎಲ್ಲಿತ್ತ್ ಮಾರಾಯ್ರೆ?’ ಎಂದು ಮೆತ್ತಗೆ ಕೇಳಿದರಂತೆ. ಇವರಿಗೂ ಗೊತ್ತಿರಲಿಲ್ಲ. ದೊಡ್ಡ ಹಡಗು ದುರಸ್ತಿಗೆ ಕೂತಿತ್ತು, ಉಳಿದ ಬಹಳಷ್ಟು ಬೇರೆ ಕಡಲಿನಿಂದ ಮರಳುತ್ತಿದ್ದವು, ಉತ್ತರಕ್ಕೆ ಇಂಥಲ್ಲಿಂದ ಮುಂದೆ ಹೋಗಬೇಡಿ ಎಂಬ ಅಪ್ಪಣೆಯೂ ಇತ್ತು ಎಂದೆಲ್ಲ ನಮಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಂದು ಇವರು ಕಾಫಿ ಮುಟ್ಟದೆ ಹಿಂದೆ ಬಂದರು.

ಮನೆ ಮೆಟ್ಟಿಲಲ್ಲಿ ಬಾ ಕೂತಿದ್ದರು. ಅಳುತ್ತಿರಲಿಲ್ಲ. ಅವರು ಹೇಳಿದ ವಿಷಯ ನಮಗೆ ಆವರೆಗೆ ಗೊತ್ತಿರಲಿಲ್ಲ. ಯುದ್ಧ ಶುರುವಾದಾಗಲೇ ರಸಿಕಭಾಯಿ, ನಾನು ಆ ಕಡೆ ಹೋಗುವವನಿದ್ದೇನೆ, ಮಾಸಿಯನ್ನು ಇಲ್ಲಿಗೆ ಕರೆತರುತ್ತೇನೆ ಎಂದಿದ್ದನಂತೆ. ಬಾ ಬೇಡವೆಂದಿದ್ದರು. ಅಕ್ಕನಿಗೆ ದೇವರನ್ನು ಬಿಟ್ಟು ಬರಲು ಮನಸ್ಸಿಲ್ಲ, ಬರುವುದೂ ಬೇಡ, ನಮ್ಮ ಹಡಗುಗಳು ಅವಳ ಮನೆಯ ಎದುರಿಗೇ ನಿಂತಿವೆ, ನಾನು ಕಣ್ಣಾರೆ ಕಂಡಿದ್ದೇನೆಂದು ಅವಳಿಗೆ ಹೇಳು ಎಂದು ಅವನ ಕೈಲಿ ಮಾತು ಕಳಿಸಿದ್ದರು. ಅವನು ಮಾಸಿಗೆ ಹಾಗೇ ಹೇಳಿ ಬಂದಿದ್ದ. ಇದನ್ನೆಲ್ಲ ಹೇಳಿ ಬಾ ಇವರ ಮುಖ ನೋಡಿದರು. ‘ನೀನೇ ಇಟ್ಟೆಯಲ್ಲ ದೀಕರಾ?’ ದೀಕರಾ ಎಂದರೆ ಮಗನೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಟ್ರಂಕ್ ಕಾಲ್ ಸಿಗಲಿಲ್ಲ. ರಸಿಕಭಾಯಿ ಎಲ್ಲಿದ್ದಾನೋ ಅದೂ ಗೊತ್ತಿಲ್ಲ. ಮಾಸಿ ಇದ್ದಾರೋ ಇಲ್ಲವೋ ಎಂಬುದೊಂದೇ ಆ ಮನೆಯ ಉಸಿರಾಯಿತು. ಮೇಲೆ ನಾನು ಪಾತ್ರೆ ಸದ್ದಾಗದಂತೆ ಇಡುತ್ತಿದ್ದೆ. ಇವರು ಅಂಗಳ ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಹೊರಗೆ ಹೋಗುವಾಗ ಪಂಚೆ ಉಟ್ಟು, ಸಮವಸ್ತ್ರವನ್ನು ಚೀಲದಲ್ಲಿ ಒಯ್ದು ಕಾಲೇಜಿನಲ್ಲಿ ಬದಲಿಸುತ್ತಿದ್ದರು. ಅದನ್ನು ನೋಡಿ ನನಗೆ ಸಿಟ್ಟು ಬಂತು. ಯಾರ ಮೇಲೆ ಸಿಟ್ಟು? ಸಮುದ್ರದ ಮೇಲೆ, ಸರಕಾರದ ಮೇಲೆ, ಆ ಎರಡು ಮರದ ತುಂಡುಗಳ ಮೇಲೆ. ತರಕಾರಿಯ ಹೆಂಗಸು ಬದನೆಕಾಯಿ ತೂಗುತ್ತಾ, ನಿಮ್ಮವರು ಮನೆಯಲ್ಲೇ ಇದ್ದಾರಾ ಎಂದು ಕೇಳಿದಳು. ಕುಹಕವೋ ಕಾಳಜಿಯೋ, ನನಗೆ ತಿಳಿಯಲಿಲ್ಲ. ಬದನೆಕಾಯಿ ಬಿಟ್ಟು ಬಂದೆ.

ವಿಸರ್ಜನೆಯ ದಿನ ಮುಂಜಾನೆ ಐತಾಳರು ನನ್ನನ್ನು ಮಾತ್ರ ಕರೆಸಿದರು. ಶೆಡ್ಡಿಗೆ ಹೋದರೆ, ವಿಮಾನ ಹೊರುವ ಹಡಗಿನ ಮೇಲೆ ಯಾರೋ ಒಂದು ಡಜನ್ ಹಸಿರು ಗಾಜಿನ ಬಳೆ ಇಟ್ಟು ಹೋಗಿದ್ದರು. ಗಂಡಸರಿಗೆ ಬಳೆ ಕಳಿಸುವುದರ ಅರ್ಥ ನಮ್ಮ ಊರಿನಲ್ಲೂ ಅದೇ, ಗುಜರಾತಿನಲ್ಲೂ ಅದೇ. ಇವರ ಕಣ್ಣಿಗೆ ಬೀಳುವ ಮೊದಲು ತೆಗೆಯಿರಿ, ಗಂಡಸರು ಮುಟ್ಟುವುದು ಸರಿಯಲ್ಲ ಎಂದು ಐತಾಳರು ಬೇರೆ ಕಡೆ ತಿರುಗಿ ನಿಂತರು. ನನ್ನ ಕೈಯಲ್ಲೂ ಅಂಥದೇ ಹಸಿರು ಬಳೆಗಳು. ಹೆಣ್ಣಿನ ಬಳೆ ಬೈಗುಳವಾಗುವುದು ಹೇಗೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಒಂದೊಂದಾಗಿ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡೆ. ತಿರುಗಿದರೆ ಬಾಗಿಲಲ್ಲಿ ಇವರು ನಿಂತಿದ್ದರು, ಎಲ್ಲ ನೋಡಿಯಾಗಿತ್ತು.

ಕತ್ತಲೆಯಾದರೆ ದೀಪವಿಲ್ಲವೆಂದು ಗಣಪತಿಯನ್ನು ಹಗಲಲ್ಲೇ ಕೆರೆಗೆ ಒಯ್ದು ಬಿಟ್ಟರು. ಡೋಲು ಬಾರಿಸುವ ಹುರುಪು ಯಾರಿಗೂ ಇರಲಿಲ್ಲ. ಇವರು ಕೆರೆಗೆ ಹೋಗಲಿಲ್ಲ. ತೊಟ್ಟಿಯ ನೀರು ಚೆಲ್ಲಿ, ಹಡಗುಗಳನ್ನೆಲ್ಲ ಬುಟ್ಟಿಗೆ ತುಂಬಿ, ಹೋಟೆಲಿನ ನೀರು ಕಾಯಿಸುವ ಒಲೆಗೆ ಹಾಕಿದರು. ಬಣ್ಣ ಹಚ್ಚಿದ ಮರ ಚಟಚಟ ಉರಿಯಿತು. ಬೇಡ ಮಾರಾಯ್ರೆ, ಮುಂದಿನ ವರ್ಷಕ್ಕಾದೀತು ಎಂದು ಐತಾಳರು ಹೇಳುತ್ತಿದ್ದಂತೆ ಬುಟ್ಟಿಯನ್ನೂ ಒಲೆಗೆ ತುರುಕಿದರು.

ಅದಾದ ಮೇಲೆ ರಸಿಕಭಾಯಿಯ ತಂತಿ ಬಂತು. ಮಾಸಿ ಜೀವಂತ. ಗುಂಡುಗಳಲ್ಲಿ ಹೆಚ್ಚಿನವು ಬಯಲಿನಲ್ಲಿ ಬಿದ್ದಿದ್ದವಂತೆ, ಗುಡಿಗೂ ಏನೂ ಆಗಿರಲಿಲ್ಲವಂತೆ. ಬಾ ತಂತಿಯನ್ನು ಕಣ್ಣಿಗೊತ್ತಿಕೊಂಡು, ಗೋಧಿಯ ಸಿಹಿ ಮಾಡಿ ಮಹಡಿಗೆ ಕಳಿಸಿದರು. ಇವರು ತಟ್ಟೆಯ ಮುಂದೆ ಕೂತು ಒಂದು ತುತ್ತೂ ಎತ್ತಲಿಲ್ಲ. ಇನ್ನು ಸಾಕು, ಆದದ್ದೆಲ್ಲ ಒಳ್ಳೆಯದೇ ಆಯಿತಲ್ಲ ಎಂದೆ. ನಿಜ ಹೇಳಬೇಕೆಂದರೆ ನನಗೆ ಹಗುರವಾಗಿತ್ತು. ಮಾನ ಉಳಿಯಿತು ಎಂದೇ ಅಂದುಕೊಂಡಿದ್ದೆ.

ಯುದ್ಧ ನಿಂತ ಮೇಲೆ ರಸಿಕಭಾಯಿ ಮಾಸಿಯನ್ನು ಕರೆತಂದ. ನಾನು ನಡುಗುವ ಮುದುಕಿಯೊಬ್ಬರನ್ನು ನಿರೀಕ್ಷಿಸಿದ್ದೆ. ಬಂದವರು ಬಾ ಅವರಿಗಿಂತ ಗಟ್ಟಿ. ಟಾಂಗಾದಿಂದ ಯಾರ ಕೈಯನ್ನೂ ಹಿಡಿಯದೆ ಇಳಿದರು. ನೀರು ಕುಡಿದವರೇ ಕೇಳಿದ್ದು, ಹಡಗಿನ ಭಾಯಿ ಎಲ್ಲಿ ಎಂದು. ಇವರು ಮಹಡಿಯಲ್ಲೇ ಇದ್ದರು. ನಾನೇ ಎಳೆದುಕೊಂಡು ಬಂದೆ.

ಇವರು ಬಾಗಿ ಪಾದ ಮುಟ್ಟಿದರು. ಮಾಸಿ ಇವರ ತಲೆಯ ಮೇಲೆ ಕೈಯಿಟ್ಟು ತೆಗೆಯಲೇ ಇಲ್ಲ. ಹಾಗೇ ಕೈಯಿಟ್ಟುಕೊಂಡು ಆ ರಾತ್ರಿಯ ಕಥೆ ಹೇಳತೊಡಗಿದರು. ಸಮುದ್ರದ ಕಡೆಯಿಂದ ಗುಡುಗಿನಂಥ ಸದ್ದು, ಮನೆಯ ಪಾತ್ರೆಗಳೆಲ್ಲ ನಡುಗಿದವಂತೆ. ಗಲ್ಲಿಯ ಜನ ಮಕ್ಕಳನ್ನು ಎತ್ತಿಕೊಂಡು ಓಡಲು ಹೊರಟರಂತೆ. ಮಾಸಿ ಬಾಗಿಲಿಗೆ ಅಡ್ಡ ನಿಂತು, ಹೆದರಬೇಡಿ, ನಮ್ಮ ಹಡಗುಗಳು ಎದುರಿಗೇ ಇವೆ, ತಂಗಿ ಹೇಳಿ ಕಳಿಸಿದ್ದಾಳೆ, ಅವು ಹೊಡೆಯುತ್ತಿವೆ, ಶತ್ರು ಓಡುತ್ತಾನೆ ಎಂದು ಎಲ್ಲರನ್ನೂ ಕೂರಿಸಿದರಂತೆ. ಆಮೇಲೆ ತಾವೊಬ್ಬರೇ ಮಾಳಿಗೆ ಹತ್ತಿದರಂತೆ. ದೂರದಲ್ಲಿ ಬೆಂಕಿ ಮಿಂಚುತ್ತಿತ್ತು. ಆ ಬೆಂಕಿಯ ಕಡೆಗೆ ಎರಡೂ ಕೈ ಎತ್ತಿ, ನೂರು ವರ್ಷ ಬಾಳಿ ಮಕ್ಕಳೇ, ನಿಮ್ಮ ಗುರಿ ತಪ್ಪದಿರಲಿ ಎಂದು, ಸದ್ದು ನಿಲ್ಲುವವರೆಗೂ ಹರಸಿದರಂತೆ. ಹೇಳುವಾಗ ಮುಖ ಅರಳಿತ್ತು. ರಸಿಕಭಾಯಿ ಕಿಟಕಿಯ ಆಚೆ ನೋಡುತ್ತಿದ್ದ. ಬಾ ಕಣ್ಣಿನಲ್ಲೇ ಇವರಿಗೆ ಸನ್ನೆ ಮಾಡಿದರು, ಏನೂ ಹೇಳಬೇಡ ಎಂದು. ನಾನೂ ಇವರ ಅಂಗಿ ಹಿಡಿದು ಜಗ್ಗಿದೆ.

ಇವರು ನನ್ನ ಕೈ ಬಿಡಿಸಿಕೊಂಡರು. ಆ ಮುದುಕಿಯ ಎದುರು ನೆಲದ ಮೇಲೆ ಕೂತು, ಹರಕು ಗುಜರಾತಿಯಲ್ಲಿ ನಿಧಾನವಾಗಿ ಹೇಳಿದರು:

‘ಮಾಸಿ, ಅಲ್ಲಿ ನಮ್ಮವರು ಯಾರೂ ಇರಲಿಲ್ಲ. ಆ ಹಡಗು ನಾನು ತೊಟ್ಟಿಯಲ್ಲಿ ಇಟ್ಟದ್ದು. ಹೊಡೆದದ್ದು ಅವರು.’

ಮಾಸಿಗೆ ಮೊದಲು ಅರ್ಥವಾಗಲಿಲ್ಲ. ತಂಗಿಯ ಮುಖ ನೋಡಿದರು, ರಸಿಕಭಾಯಿಯ ಮುಖ ನೋಡಿದರು. ಯಾರೂ ಇಲ್ಲವೆನ್ನಲಿಲ್ಲ. ತಮ್ಮ ಎರಡೂ ಅಂಗೈಗಳನ್ನು ಮಡಿಲಲ್ಲಿ ಅಗಲಿಸಿಟ್ಟುಕೊಂಡು ಅವನ್ನೇ ಸ್ವಲ್ಪ ಹೊತ್ತು ನೋಡಿದರು. ಕೋಪವಿರಲಿಲ್ಲ. ದಾರಿ ಕೇಳುವವರ ದನಿಯಲ್ಲಿ ಕೇಳಿದರು:

‘ಹಾಗಾದರೆ ದೀಕರಾ, ನಾನು ಹರಸಿದ್ದು ಯಾರನ್ನು?’